ಹಿಮ ಮುಟ್ಟುವ ಹರಕೆ, ಅಂಗಳದ ಗರಿಕೆ

ಹಳೆ ಯೋಗ ಮ್ಯಾಟ್ ಮೇಲೆ ಮಂಡಿಯೂರಿ, ತುದಿ ಮುರಿದ ತರಕಾರಿ ಚಾಕುವಿನಿಂದ ಮುಂದಿನ ಲಾನ್‌ನ ಕಳೆ ಕೀಳುತ್ತಿದ್ದೆ. ಏಪ್ರನ್ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಸಿಡ್ನಿಯ ಮಾರ್ಸ್ಡನ್ ಪಾರ್ಕ್‌ನಿಂದ ಸುಜಾತಕ್ಕ, ನಮ್ಮವರ ಅಕ್ಕ.

"ಮಾಲತಿ, ಹಿಮ ಇಲ್ಲ ಮಾರಾಯ್ತಿ."

ಹೇಗಿದ್ದೀ, ಊಟ ಆಯ್ತಾ, ಒಂದೂ ಇಲ್ಲ. ನೇರ ಹಿಮಕ್ಕೇ ಬಂದರು.

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ. ಬಿದ್ದ ಚೂರೂ ಕರಗಿ ಹೋಗಿದೆ. ನೆಟ್‌ನಲ್ಲಿ ಬೆಟ್ಟದ ಕ್ಯಾಮೆರಾ ಹಾಕಿ ನೋಡಿದೆ. ಮೆಷಿನ್‌ನಲ್ಲಿ ಮಾಡಿ ಹಾಕಿದ ಒಂದು ಬಿಳಿ ಪಟ್ಟಿ ಉಂಟು, ಅದರ ಎರಡೂ ಕಡೆ ಕೆಸರು. ಉಳಿಯಲು ಬುಕ್ ಮಾಡಿದ ಕ್ಯಾಬಿನ್ ಕ್ಯಾನ್ಸಲ್ ಮಾಡುವುದಾದರೆ ಇವತ್ತು ಸಂಜೆಯೊಳಗೆ ಮಾಡಬೇಕಂತೆ. ಅಮ್ಮನಿಗೆ ನೀನೇ ಹೇಳು ಆಯ್ತಾ?"

ಫೋನ್ ಇಟ್ಟೇಬಿಟ್ಟರು. ಇಂಥ ಸುದ್ದಿ ಹೇಳುವ ಪಾಳಿ ಯಾವಾಗಲೂ ಸೊಸೆಗೇ ಏಕೆ ಬರುತ್ತದೆ? (ಮಗಳಂದಿರೇ, ಉತ್ತರ ಗೊತ್ತಿದ್ದರೆ ತಿಳಿಸಿ.)

ಅಮ್ಮ, ಅಂದರೆ ನಮ್ಮ ಅತ್ತೆ, ನನ್ನಿಂದ ಐದು ಅಡಿ ದೂರದಲ್ಲಿ ಲೆಟರ್‌ಬಾಕ್ಸ್ ಪಕ್ಕ ಪ್ಲಾಸ್ಟಿಕ್ ಮಣೆ ಹಾಕಿಕೊಂಡು ಕಳೆ ಕೀಳುತ್ತಿದ್ದರು. ತಲೆಗೆ ಮಫ್ಲರ್, ಸೀರೆಯ ಮೇಲೆ ಮಗನ ಜಾಕೆಟ್.

"ಯಾರು, ಸುಜಾತನಾ? ಎಂಥದಂತೆ?"

"ಎಂಥದೂ ಇಲ್ಲ ಅತ್ತೆ. ಸುಮ್ಮನೆ ಮಾಡಿದ್ದು."

ಬೆಳಿಗ್ಗೆ ದೀಪ ಹಚ್ಚಿದ ಕೈಯಲ್ಲೇ ಹನ್ನೊಂದು ಗಂಟೆಗೆ ಸುಳ್ಳು. ದೇವರು ಕ್ಷಮಿಸಲಿ.

ಸುಳ್ಳು ಯಾಕೆ ಬೇಕಾಯಿತು ಎಂದು ಹೇಳುತ್ತೇನೆ. ಅತ್ತೆ ಉಡುಪಿಯಿಂದ ಬಂದು ಎರಡು ತಿಂಗಳಾಯಿತು. ಅವರಿಗೆ ಇಲ್ಲಿಯ ಬೀಚು ಬೇಡ, (ನಮ್ಮಲ್ಲಿಲ್ಲದ ಬೀಚಾ ಅದು ಎಂದರು), ಪೆಂಗ್ವಿನ್ ಬೇಡ, ಎತ್ತರದ ಕಟ್ಟಡ ಬೇಡ. ಒಂದೇ ಆಸೆ, ಹಿಮ ಮುಟ್ಟಬೇಕು. ಅವರ ಭಜನೆ ಮಂಡಳಿಯ ವಾರಿಜಕ್ಕ ಯಾವಾಗಲೋ ಕೇದಾರಕ್ಕೆ ಹೋಗಿ ಹಿಮ ಮುಟ್ಟಿ ಬಂದವರು. ಅಂದಿನಿಂದ ಪ್ರತಿ ಶನಿವಾರ ಮಂಗಳಾರತಿಯ ನಂತರ ಅದೇ ಕತೆ. ಅತ್ತೆಯ ಮೊಣಕಾಲಿಗೆ ಕೇದಾರ ಆಗಲಿಲ್ಲ. "ಶಿವ ಕೂತ ಜಾಗಕ್ಕೆ ಹೋಗಲಾಗದಿದ್ದರೂ, ಅವನ ಹಾಸಿಗೆಯನ್ನಾದರೂ ಮುಟ್ಟುತ್ತೇನೆ" ಎಂದು ಆಸ್ಟ್ರೇಲಿಯಾಕ್ಕೆ ಹೊರಟಿದ್ದರು. ಹೊರಡುವ ಮುಂಚೆ ಮನೆಯ ಗಣಪತಿಯ ಮುಂದೆ ಹರಕೆ ಬೇರೆ. ಹಿಮ ಮುಟ್ಟಿಸು, ಈ ಸಲದ ಚೌತಿಗೆ ಸಾವಿರದೆಂಟು ಗರಿಕೆ ಏರಿಸುತ್ತೇನೆ ಎಂದು.

ಚೌತಿಯ ಮರುವಾರ ಅವರ ರಿಟರ್ನ್ ಟಿಕೆಟ್. ಇನ್ನೊಮ್ಮೆ ಅಷ್ಟು ದೂರದ ವಿಮಾನವನ್ನು ಆ ಮೊಣಕಾಲು ಒಪ್ಪುವುದಿಲ್ಲ ಎಂದು ಅವರಿಗೂ ಗೊತ್ತು, ನಮಗೂ ಗೊತ್ತು. ಅದಕ್ಕೇ ಈ ಟ್ರಿಪ್. ಹಿಮದ ಬೆಟ್ಟಗಳು ಸಿಡ್ನಿಗೂ ಮೆಲ್ಬರ್ನ್‌ಗೂ ಹೆಚ್ಚುಕಡಿಮೆ ನಡುವೆ. ಅತ್ತಲಿಂದ ಸುಜಾತಕ್ಕ ಬರುವುದು, ಇತ್ತಲಿಂದ ನಾವು ಹೋಗುವುದು, ಮಧ್ಯದಲ್ಲಿ ಅಮ್ಮ ಹಿಮ ಮುಟ್ಟುವುದು. ಎಷ್ಟು ಚೆಂದದ ಪ್ಲಾನ್! ಹಿಮ ಒಂದು ಬಿಟ್ಟು ಎಲ್ಲ ಬುಕ್ ಆಗಿತ್ತು.

ಈಗ ಲಾನ್‌ನ ಕತೆ. ಎರಡೂ ಒಂದೇ ಕತೆ ಎಂದು ನನಗೂ ಆಮೇಲೇ ಗೊತ್ತಾದದ್ದು.

ಮೆಲ್ಬರ್ನ್ ಅಂಚಿನ ವಿಂಡಮ್ ವೇಲ್‌ನ ಈ ಮನೆಗೆ ಬಂದ ವರ್ಷ, ಬಿಲ್ಡರ್ ಹಾಸಿಕೊಟ್ಟ ಹುಲ್ಲಿನ ನಡುವೆ ಬೇರೊಂದು ಸಣ್ಣ ಎಲೆಯ ಹುಲ್ಲು ನುಗ್ಗಿತ್ತು. ಪಕ್ಕದ ಮನೆಯ ಟ್ರೆವರ್ ನೋಡಿ ತಲೆ ಅಲ್ಲಾಡಿಸಿದರು. "ಕೌಚ್ ಗ್ರಾಸ್. ಬ್ಯಾಡ್ ನ್ಯೂಸ್. ಸ್ಪ್ರೇ ಇಟ್." ನಾನು ಬಗ್ಗಿ ಒಂದು ಎಸಳು ಕಿತ್ತು ನೋಡಿದೆ. ಕಣ್ಣಿಗೆ ಒತ್ತಿಕೊಂಡೆ. ಗರಿಕೆ! ಇಂಡಿಯನ್ ಅಂಗಡಿಯಲ್ಲಿ ಪ್ಯಾಕೆಟ್‌ನೊಳಗೆ ಬಾಡಿ ಮಲಗಿರುವ ಅದೇ ಗರಿಕೆ ನನ್ನ ಲೆಟರ್‌ಬಾಕ್ಸ್ ಬುಡದಲ್ಲಿ ತಾನಾಗಿ ಬಂದು ಕೂತಿದೆ. ಸ್ಪ್ರೇ ಹೊಡೆಯುವುದುಂಟೇ?

ಅಂದಿನಿಂದ ನಮ್ಮ ಅಂಗಳಕ್ಕೆ ವಿಷ ಬಂದ್. ನಮ್ಮವರು ಪ್ರತಿ ವರ್ಷ ಕೇಳುತ್ತಾರೆ, "ಒಂದು ಬಾಟಲ್, ಹತ್ತು ನಿಮಿಷ. ಯಾಕೆ ಮಂಡಿ ಸವೆಸ್ತೀ?" ವಿಷ ಬಿದ್ದ ಗರಿಕೆಯನ್ನು ದೇವರ ತಲೆಗೆ ಏರಿಸಲಾ? ಇನ್ನೊಂದು, ಮಳೆ ಬಂದರೆ ನಮ್ಮ ಬೀದಿಯ ನೀರೆಲ್ಲ ಹೋಗುವುದು ಕೆಳಗಿನ ಕ್ರೀಕ್‌ಗೆ. ಅಲ್ಲಿ ಬಾತುಕೋಳಿ ಮರಿಗಳು ಸಾಲಾಗಿ ಈಜುತ್ತವೆ. ಅವುಗಳ ಬಾಯಿಗೆ ಬಾಟಲ್ ಹಿಡಿಯಲು ನನಗೆ ಮನಸ್ಸಿಲ್ಲ.

ನನ್ನ ಪದ್ಧತಿ ಸುಲಭ. ಮಳೆ ಬಂದ ಮರುದಿನ ಮಣ್ಣು ಸಡಿಲ ಇರುತ್ತದೆ, ಆಗ ಚಾಕುವನ್ನು ಆಳಕ್ಕೆ ಹಾಕಿ ಬೇರು ಸಮೇತ ಎಬ್ಬಿಸುವುದು. ಬಿಂಡಿ ಎಂಬ ಕಳೆ ಇದೆಯಲ್ಲ, ಅದನ್ನು ಚಳಿಗಾಲದಲ್ಲೇ ಕೀಳಬೇಕು. ಬಿಟ್ಟರೆ ಮುಳ್ಳಾಗಿ, ಬರಿಗಾಲಲ್ಲಿ ಪೂಜೆಗೆ ಹೂ ಕೊಯ್ಯಲು ಹೋದವರಿಗೆ ತಕ್ಕ ಶಾಸ್ತಿ. ಹುಲ್ಲನ್ನು ತೀರಾ ಬೋಳಿಸಬಾರದು, ಸ್ವಲ್ಪ ಉದ್ದ ಬಿಟ್ಟರೆ ಆ ನೆರಳಿನಲ್ಲಿ ಕಳೆ ಅಷ್ಟಾಗಿ ಹುಟ್ಟುವುದಿಲ್ಲ. ಡ್ರೈವ್‌ವೇ ಬಿರುಕಿಗೆ ಮಾತ್ರ ಕುದಿಯುವ ಗಂಜಿ ತಿಳಿ. ಕುಚ್ಚಲಕ್ಕಿ ಬಸಿದ ಕೂಡಲೇ ತಂದು ಸುರಿದರೆ ಎರಡು ದಿನದಲ್ಲಿ ಕಳೆ ಒಣಗುತ್ತದೆ. (ಉಪ್ಪು ಹಾಕುವ ಮುಂಚೆ ಬಸಿಯಬೇಕು, ಉಪ್ಪು ಮಣ್ಣನ್ನೇ ಕೆಡಿಸುತ್ತದೆ. ಲಾನ್‌ಗೆ ಸುರಿಯಬೇಡಿ, ನಾನು ಸುರಿದು ತಟ್ಟೆಯಷ್ಟು ಅಗಲ ಬೋಳು ಮಾಡಿಕೊಂಡವಳು.)

ಆದರೆ ಈ ಸಲ ಒಂದು ವಿಚಿತ್ರ. ಚಳಿಗಾಲದಲ್ಲಿ ಇಲ್ಲಿಯ ಗರಿಕೆ ಒಣಗಿ ಹುಲ್ಲಿನ ಚಾಪೆಯ ಬಣ್ಣಕ್ಕೆ ತಿರುಗುತ್ತದೆ. ಹಿಂದಿನ ಚೌತಿಗಳಿಗೆ ಇಪ್ಪತ್ತೊಂದು ಹಸಿರು ಎಸಳು ಹುಡುಕುವಷ್ಟರಲ್ಲಿ ಸಾಕುಬೇಕಾಗುತ್ತಿತ್ತು. ಈ ಆಗಸ್ಟ್‌ನಲ್ಲಿ ಅದು ಹಸಿರು! ಕಳೆಯೂ ಒಂದು ತಿಂಗಳು ಮುಂಚೆಯೇ ಹೂ ಬಿಟ್ಟಿದೆ. ಯಾಕಿರಬಹುದು?

ಅದನ್ನೇ ಯೋಚಿಸುತ್ತಾ, ಹಿಮದ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಚಾಕು ಆಡಿಸುತ್ತಿದ್ದಾಗ ಟ್ರೆವರ್ ಬೇಲಿಯಾಚೆಯಿಂದ ಬಂದರು. ರಿಟೈರ್ಡ್ ಮನುಷ್ಯ, ಎಲ್ಲರನ್ನೂ 'ಲವ್' ಎಂದೇ ಕರೆಯುವ ಒಳ್ಳೆಯವರು. ಅತ್ತೆಯ ಕಡೆ ನೋಡಿದರು. ಲಾನ್ ನೋಡಿದರು. ಮತ್ತೆ ಅತ್ತೆಯನ್ನು ನೋಡಿದರು.

"ಲವ್, ನಿಮ್ಮ ಅಮ್ಮ ಲಾನ್ ಕಿತ್ತು ಕಳೆ ಉಳಿಸಿದ್ದಾರೆ!"

ತಿರುಗಿ ನೋಡಿದೆ. ದೇವರೇ! ಲೆಟರ್‌ಬಾಕ್ಸ್ ಸುತ್ತ ಎರಡು ಚಾಪೆ ಅಗಲದ ಜಾಗದಲ್ಲಿ ಬಿಲ್ಡರ್ ಹಾಸಿದ ಬಫಲೋ ಹುಲ್ಲು ಒಂದೂ ಇಲ್ಲ. ಕಿತ್ತು, ಮಣ್ಣು ಕೊಡವಿ, ಪಕ್ಕದಲ್ಲಿ ಒಪ್ಪವಾಗಿ ರಾಶಿ ಹಾಕಿದ್ದಾರೆ. ನಡುವೆ ಗರಿಕೆ ಮಾತ್ರ, ಬಾಚಿ ಬೈತಲೆ ತೆಗೆದ ಹಾಗೆ ನಿಂತಿದೆ.

"ಅತ್ತೆ, ಎಂಥ ಮಾಡಿದ್ರಿ ಇದು?"

"ನೀನೇ ಹೇಳಿದ್ದಲ್ವಾ, ಹುಲ್ಲು ಬಿಟ್ಟು ಉಳಿದದ್ದೆಲ್ಲ ಕೀಳಿ ಅಂತ?"

"ಕಿತ್ತದ್ದೇ ಹುಲ್ಲು ಅತ್ತೆ!"

"ಇದಾ?" ಒಂದು ಬಫಲೋ ಬಳ್ಳಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. "ಇದನ್ನು ನಮ್ಮೂರಲ್ಲಿ ದನವೂ ಮೂಸುವುದಿಲ್ಲ."

ಟ್ರೆವರ್‌ಗೆ ಅರ್ಥ ಮಾಡಿ ಹೇಳಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಕೇಳಿದೆ, ಈ ಕೌಚ್ ಆಗಸ್ಟ್‌ನಲ್ಲಿ ಹಸಿರಾಗಿರುವುದು ಯಾಕೆ ಎಂದು. ನಗು ನಿಂತಿತು. ಏನೋ ನೋವು ಕೆಣಕಿದೆ ಅನಿಸುತ್ತದೆ.

"ನೋ ಫ್ರಾಸ್ಟ್, ಲವ್. ಟೂ ವಾರ್ಮ್. ನಲವತ್ತು ವರ್ಷದಿಂದ ಸ್ಕೀಯಿಂಗ್‌ಗೆ ಹೋಗ್ತಿದ್ದೇನೆ. ಈ ಸಲ ಬೂಟ್ಸ್ ಗರಾಜ್‌ನಲ್ಲೇ ಇವೆ. ನೋ ಸ್ನೋ! ಹುಲ್ಲು ಕತ್ತರಿಸುವುದೇ ನನ್ನ ವಿಂಟರ್ ಸ್ಪೋರ್ಟ್."

ಅತ್ತೆಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ನೋ ಎಂದರೆ ಗೊತ್ತು. ಸ್ನೋ ಎಂದರೆ ಎರಡು ತಿಂಗಳಿಂದ ಜಪ ಮಾಡುತ್ತಿರುವ ಶಬ್ದ.

ಅವರ ಕೈ ನಿಂತಿತು. ನನ್ನ ಕಡೆ ನೋಡಿದರು.

"ಸುಜಾತ ಹೇಳಿದ್ದು ಇದೇನಾ?"

"ಹೌದು ಅತ್ತೆ."

"ಮತ್ತೆ ಸುಮ್ಮನೆ ಮಾಡಿದ್ದು ಅಂದಿ."

ನಾನು ಚಾಕುವಿನ ಮಣ್ಣು ಒರೆಸಿದೆ. ಬೇರೆ ಏನು ಮಾಡಲಿ? ಅವರು ಮುಂದಿದ್ದ ಗರಿಕೆಯ ಮೇಲೆ ಅಂಗೈ ಆಡಿಸುತ್ತಾ ಅಂದರು, "ನೋಡು ಇವನ ತಮಾಷೆ. ನಾನು ಕೇಳಿದ್ದನ್ನು ಕೊಡಲಿಲ್ಲ. ನಾನು ಕೊಡುತ್ತೇನೆ ಅಂದದ್ದನ್ನು ಮಾತ್ರ ಅಂಗಳ ತುಂಬ ಬೆಳೆಸಿ ಇಟ್ಟಿದ್ದಾನೆ."

ಆಗ ಹೊಳೆಯಿತು ನನಗೆ. ಬೆಟ್ಟದ ಮೇಲೆ ಹಿಮ ಬೀಳಲು ಬಿಡದ ಬಿಸುಪೇ ನನ್ನ ಅಂಗಳದ ಗರಿಕೆಯನ್ನು ಎಬ್ಬಿಸಿದ್ದು. ಟ್ರೆವರ್‌ನ ಗರಾಜ್‌ನಲ್ಲಿ ಬೂಟ್ಸ್ ಕೂಡಿಹಾಕಿದ್ದೂ ಅದೇ, ನನ್ನ ಕಳೆಗೆ ಹೂ ಬಿಡಿಸಿದ್ದೂ ಅದೇ. ಹಸಿರು ಗರಿಕೆ ಕಂಡು ದಿನಾ ಕೈಮುಗಿಯುತ್ತಿದ್ದೆನಲ್ಲ, ಯಾವುದಕ್ಕೆ ಮುಗಿದೆ ಹಾಗಾದರೆ?

ಮಧ್ಯಾಹ್ನ ಸುಜಾತಕ್ಕನಿಗೆ ಅತ್ತೆಯೇ ಫೋನ್ ಮಾಡಿಸಿದರು. "ಕ್ಯಾನ್ಸಲ್ ಮಾಡಬೇಡ. ಹೋಗುವ."

"ಅಮ್ಮಾ, ಅಲ್ಲಿ ಎಂಥ ಉಂಟು ಅಂತ? ಮೆಷಿನ್ ಹಿಮ!"

"ಹೋದವರಿಗೆಲ್ಲ ದರ್ಶನ ಆಗುತ್ತದಾ? ಆಗದಿದ್ದರೆ ಗೋಪುರಕ್ಕೆ ಕೈಮುಗಿದು ಬರುವುದಿಲ್ವಾ? ನೀನು ಚಟ್ನಿಪುಡಿ ಹಿಡ್ಕೊಂಡು ಬಾ."

ಹೋದೆವು. ಸುಜಾತಕ್ಕ ಹೇಳಿದ್ದರಲ್ಲಿ ಸುಳ್ಳಿಲ್ಲ. ಕಂದು ಬೆಟ್ಟಕ್ಕೆ ಯಾರೋ ಬಿಳಿ ಬ್ಯಾಂಡೇಜ್ ಸುತ್ತಿದ ಹಾಗೆ ಒಂದು ಪಟ್ಟಿ. ಅದರ ಮೇಲೆ ನೂರು ಮಕ್ಕಳು ಜಾರುತ್ತಿದ್ದಾರೆ. ಬದಿಯಲ್ಲಿ ಹಿಮ ಉಗುಳುವ ಮೆಷಿನ್ ಬಾಯಿ ಮುಚ್ಚಿ ನಿಂತಿದೆ.

ಇದನ್ನು ಮುಟ್ಟಿದರೆ ಹರಕೆಗೆ ಲೆಕ್ಕವೇ? ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಇದೇ. ನೀರು ಅದೇ, ಚಳಿ ಅದೇ. ಮಾಡಿದ್ದು ಮಾತ್ರ ಮನುಷ್ಯ. ನಮ್ಮವರು ಹೇಳಿದರು, "ಅಮ್ಮ, ಇದೂ ಹಿಮವೇ. ಮುಟ್ಟಿ, ಫೋಟೋ ತೆಗೀತೇನೆ. ವಾರಿಜಕ್ಕನಿಗೆ ಏನು ಗೊತ್ತಾಗ್ತದೆ?"

ಅತ್ತೆ ಮಗನನ್ನು ಒಂದು ನೋಟ ನೋಡಿದರು. ಅಷ್ಟೇ. ನಮ್ಮವರು ಫೋನ್ ಒಳಗಿಟ್ಟರು.

ನನ್ನ ತೋಳು ಹಿಡಿದು ಪಟ್ಟಿಯ ಅಂಚಿನಲ್ಲೇ ನಿಧಾನಕ್ಕೆ ನಡೆದರು. ಹತ್ತು ಹೆಜ್ಜೆ, ನಿಲ್ಲುವುದು. ಇನ್ನು ಹತ್ತು, ನಿಲ್ಲುವುದು. ಒಂದು ದೊಡ್ಡ ಬಂಡೆಯ ಹಿಂದೆ, ಬಿಸಿಲು ತಾಗದ ಮೂಲೆಯಲ್ಲಿ, ಮೊರದಷ್ಟು ಅಗಲದ ಏನೋ ಬೂದು ಬಣ್ಣದ್ದು ಬಿದ್ದಿತ್ತು. ಮೇಲೆಲ್ಲ ಮರದ ತೊಗಟೆ, ಒಣಗಿದ ಎಲೆ. ನಾನು ಗಮನಿಸದೆ ಮುಂದಕ್ಕೆ ಹೆಜ್ಜೆ ಇಟ್ಟಿದ್ದೆ.

"ಮಾಲತಿ, ಇದೆಂಥದು?"

ಹಿಮ. ಯಾವತ್ತೋ ಬಿದ್ದು, ಕರಗದೆ ಉಳಿದ ಮುದಿ ಹಿಮ.

"ಮೆಷಿನ್‌ನವರು ಇಲ್ಲಿ ತನಕ ಬಂದಿರಲಿಕ್ಕಿಲ್ಲ ಅಲ್ವಾ?"

"ಇಲ್ಲ ಅತ್ತೆ. ಇದು ಮೇಲಿಂದ ಬಿದ್ದದ್ದೇ."

"ಹಾಗಾದ್ರೆ ಉದ್ಭವ ಮೂರ್ತಿ" ಎಂದರು. ಗ್ಲವ್ಸ್ ತೆಗೆದರು. ಬಗ್ಗಲು ಮೊಣಕಾಲು ಬಿಡಲಿಲ್ಲ. ನಾನು ಒಂದು ಕಡೆ, ಸುಜಾತಕ್ಕ ಒಂದು ಕಡೆ ಹಿಡಿದು ಇಳಿಸಿದೆವು. ಎಲೆ ಸರಿಸಿ, ಪೂರ್ತಿ ಅಂಗೈ ಇಟ್ಟರು. ಚಳಿಗೆ ಕೈ ಎಳೆದುಕೊಳ್ಳುತ್ತಾರೆ ಎಂದುಕೊಂಡೆ. ಎಳೆಯಲಿಲ್ಲ. ಆಮೇಲೆ ಒಂದು ಚಿಟಿಕೆ ಎತ್ತಿ ತೀರ್ಥದ ಹಾಗೆ ತಲೆಯ ಮೇಲೆ ಹಾಕಿಕೊಂಡರು. ನಮಗೂ ಹಾಕಿದರು. ಸುಜಾತಕ್ಕ ಮುಖ ಆಚೆ ತಿರುಗಿಸಿ ಮೂಗು ಒರೆಸಿಕೊಂಡರು. (ಚಳಿಗೆ ಅಂತ ಹೇಳಿದರು. ನಂಬಿದೆ.)

ಫೋಟೋ ಬೇಡ ಎಂದರು ಅತ್ತೆ. ವಾರಿಜಕ್ಕ ಕೇಳಿದರೆ? "ಹೇಳಿದರೆ ಸಾಕು. ಅವಳ ಹತ್ತಿರ ಫೋಟೋ ಉಂಟಾ?"

ಎಷ್ಟು ಸಣ್ಣ ಕೃಪೆ ನೋಡಿ, ಒಂದು ಮೊರದಷ್ಟು. ಆದರೆ ಹರಕೆ ಪೂರ್ತಿ. ಗಣಪತಿಗೆ ರಿಯಾಯಿತಿ ಕೇಳುವ ಹಾಗಿಲ್ಲ, ಸಾವಿರದೆಂಟು ಎಂದರೆ ಸಾವಿರದೆಂಟೇ. ಮನೆಗೆ ಬಂದ ಮರುದಿನ ಬೆಳಿಗ್ಗೆಯೇ ಅತ್ತೆ ಮಣೆ ಹಾಕಿಕೊಂಡು ಲೆಟರ್‌ಬಾಕ್ಸ್ ಪಕ್ಕ ಕೂತು, ಚೌತಿಗೆ ಎಷ್ಟು ಆದೀತು ಎಂದು ಎಸಳು ಎಣಿಸತೊಡಗಿದರು. ಟ್ರೆವರ್ ತಮ್ಮ ಲಾನ್‌ಗೆ ನುಗ್ಗಿದ್ದ ಕೌಚ್ ಅನ್ನು ಸ್ಪ್ರೇ ಮಾಡದೆ ಬಿಟ್ಟಿದ್ದಾರಂತೆ. ಬೇಲಿಯಾಚೆಯಿಂದ ಕೂಗಿದರು, "ಟೆಲ್ ಮಮ್, ನನ್ನ ಕಡೆಯದ್ದೂ ತಗೊಳ್ಳಲಿ. ಬದಲಿಗೆ ಮುಂದಿನ ವರ್ಷ ನನಗೂ ಸ್ವಲ್ಪ ಹಿಮ ಕೇಳಿಕೊಳ್ಳಲಿ."

ಅತ್ತೆಗೆ ಕನ್ನಡ ಮಾಡಿ ಹೇಳಿದೆ. ಅತ್ತೆ ಎಣಿಕೆ ತಪ್ಪಬಾರದೆಂದು ಬೆರಳು ಅಲ್ಲೇ ಇಟ್ಟುಕೊಂಡು ಉತ್ತರ ಕೊಟ್ಟರು, "ಕೇಳುತ್ತೇನೆ. ಆದರೆ ಹಿಮ ಬಂದರೆ ಗರಿಕೆ ಒಣಗುತ್ತದಲ್ಲ, ಅದು ಅವನಿಗೆ ಗೊತ್ತುಂಟಾ?"

ಅಷ್ಟರಲ್ಲಿ ಒಳಗೆ ಕುಚ್ಚಲಕ್ಕಿ ಉಕ್ಕಿದ ವಾಸನೆ. ಓಡಿದೆ. ಅನ್ನ ಬಸಿದೆ. ಕುದಿಯುವ ಗಂಜಿ ತಿಳಿಯ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಡ್ರೈವ್‌ವೇಗೆ ಬಂದೆ, ಬಿರುಕಿನ ಕಳೆಗೆ ಸುರಿಯಲು. ಬಗ್ಗಿ ನೋಡಿದರೆ ಅಲ್ಲೂ ನಾಲ್ಕು ಎಸಳು ಹಸಿರು ಗರಿಕೆ.

ಕೈ ಸುಡುತ್ತಿದೆ, ಬೇಗ ಹೇಳಿ. ಎಲ್ಲಿ ಸುರಿಯಲಿ ಇದನ್ನು?