ಭಾನುಪ್ರಿಯಾಳ ಎರಡನೇ ರಕ್ತಪರೀಕ್ಷೆ

ಗೆಂಡೆಹಳ್ಳಿಯ ಸುತ್ತ ಐದಾರು ಊರುಗಳಲ್ಲಿ ಮೇಕೆ ಮೇವು ಬಿಟ್ಟರೆ, ಕುರಿ ಕೆಮ್ಮಿದರೆ ಜನ ಮೊದಲು ಫೋನ್ ಮಾಡುವುದು ಭಾನುಪ್ರಿಯಾಗೆ. ಅವಳು ಅಲ್ಲಿನ ಪಶು ಸಖಿ. ಡಾಕ್ಟರಲ್ಲ, ಆದರೆ ಜಂತುಹುಳದ ಔಷಧಿ ಕುಡಿಸುವುದಕ್ಕೆ, ಲಸಿಕೆ ಹಾಕುವ ದಿನ ಮಂದೆ ಕೂಡಿಸುವುದಕ್ಕೆ, ಕುರಿಯ ಕಿವಿಯೊಳಗೆ ಕಚ್ಚಿಕೊಂಡ ಉಣುಗುಗಳನ್ನು ಚಿಮಟದಿಂದ ಕೀಳುವುದಕ್ಕೆ ಅವಳೇ ಬೇಕು. ವಯಸ್ಸು ಮೂವತ್ತೈದು. ನಡಿಗೆ ಎಷ್ಟು ಬಿರುಸೆಂದರೆ, ಬಸ್ ಕಂಡಕ್ಟರಾಗಿರುವ ಗಂಡ ತಿಮ್ಮೇಶನೇ ಅವಳ ಜೊತೆ ಹೆಜ್ಜೆ ಹಾಕಲಾರದೆ ಹಿಂದೆ ಬೀಳುತ್ತಿದ್ದ.

ಹೋದ ವರ್ಷ ಗೌರಿ ಹಬ್ಬ ಕಳೆದ ವಾರದಲ್ಲಿ ಅವಳಿಗೆ ಜ್ವರ ಬಂತು. ಆಗ ಅವರ ಬೀದಿಯಲ್ಲಿ ಮನೆಗೊಬ್ಬರು ಮಲಗಿದ್ದರು. ನಾಲ್ಕು ದಿನದಲ್ಲಿ ಜ್ವರವೇನೋ ಬಿಟ್ಟಿತು, ಕೀಲುನೋವು ಮಾತ್ರ ಬಿಡಲಿಲ್ಲ. ಬೆಳಿಗ್ಗೆ ಎದ್ದರೆ ಕಾಲು ನೆಲಕ್ಕೂರಲು ಆಗುತ್ತಿರಲಿಲ್ಲ. ಔಷಧಿ ಬಾಟಲಿಯ ಮುಚ್ಚಳ ತಿರುಗಿಸಲು ಮಗಳು ಲಾವಣ್ಯಳನ್ನು ಕರೆಯಬೇಕಿತ್ತು. ಎರಡು ತಿಂಗಳು ಹೀಗೇ ನರಳಿ, ದೀಪಾವಳಿ ಮುಗಿದ ಮೇಲೆ ಬೇಲೂರಿನ ಒಂದು ಖಾಸಗಿ ಲ್ಯಾಬಿನಲ್ಲಿ ಕೀಲುನೋವಿಗೆಂದೇ ಇದ್ದ ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ಮಾಡಿಸಿದಳು.

ವರದಿಯಲ್ಲಿ ಎಲ್ಲ ಸರಿಯಿತ್ತು, ಒಂದು ಸಾಲು ಮಾತ್ರ ದಪ್ಪಕ್ಷರದಲ್ಲಿತ್ತು: ಲೈಮ್ ಕಾಯಿಲೆ, ಪಾಸಿಟಿವ್.

ಆ ಹೆಸರನ್ನೇ ಅವಳು ಕೇಳಿರಲಿಲ್ಲ. ಲ್ಯಾಬಿನ ಪಕ್ಕದ ಕ್ಲಿನಿಕ್ಕಿನವರು, “ಉಣುಗು ಕಚ್ಚಿ ಬರೋದಮ್ಮ ಇದು. ತಡ ಮಾಡಿದ್ರೆ ಹೃದಯಕ್ಕೆ, ನರಕ್ಕೆ ಇಳಿಯುತ್ತೆ. ಇಪ್ಪತ್ತೆಂಟು ದಿನ ದಿನಾ ನರಕ್ಕೆ ಇಂಜೆಕ್ಷನ್ ಹಾಕ್ಬೇಕು,” ಎಂದರು. ಭಾನುಪ್ರಿಯಾ ಸೊಂಟ ಮುಟ್ಟಿ ನೋಡಿಕೊಂಡಳು. ಮಳೆಗಾಲದಲ್ಲಿ ಸೊಂಟದ ಹತ್ತಿರ ಉಣುಗೊಂದು ಕಚ್ಚಿದ್ದು ನಿಜ. ಅವಳೇ ಕಿತ್ತೆಸೆದು ಮರೆತಿದ್ದಳು.

ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದಳು. ಮುಖ ಸೊಟ್ಟಗಾದವರ ಚಿತ್ರ, ವರ್ಷಗಟ್ಟಲೆ ಹಾಸಿಗೆ ಹಿಡಿದವರ ಕತೆ. ಕುರಿ ಮುಟ್ಟಲು ಕೈ ಬಾರದಾಯಿತು. ಲಾವಣ್ಯ ಪಕ್ಕಕ್ಕೆ ಬಂದು ಮಲಗಿದರೆ, “ಆ ಕಡೆ ಮಲಗು ಮಗ,” ಎನ್ನತೊಡಗಿದಳು. ಆ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹಬ್ಬುವುದಲ್ಲ ಎಂದು ಅವಳೇ ಓದಿದ್ದಳು, ಆದರೂ ಮನಸ್ಸು ಕೇಳಬೇಕಲ್ಲ.

ಅರಸೀಕೆರೆಯಲ್ಲಿದ್ದ ಅಣ್ಣ ಬೀರೇಶ್ ವಿಷಯ ಕೇಳಿ ಫೋನಿನಲ್ಲೇ ರೇಗಿದ. “ಒಂದು ಕಾಗದ ನೋಡಿ ಇಪ್ಪತ್ತೆಂಟು ಸೂಜಿ ಚುಚ್ಚಿಸ್ಕಂತೀಯಾ? ಇಲ್ಲಿ ಅರುಣಾ ಅಂತ ಒಬ್ಬರು ಡಾಕ್ಟ್ರು ಅವ್ರೆ, ತಾಳ್ಮೆಯಿಂದ ನೋಡ್ತಾರೆ. ಸೋಮವಾರ ಬಾ.”

ತಿಮ್ಮೇಶ್ ರಜೆ ಹಾಕಿದ. ಇಬ್ಬರೂ ಬೇಲೂರಿನಲ್ಲಿ ಬಸ್ಸು ಹತ್ತಿ, ಹಳೇಬೀಡು ದಾಟಿ ಅರಸೀಕೆರೆ ಮುಟ್ಟಿದರು.

ಡಾಕ್ಟರ್ ಅರುಣಾ ವರದಿಯನ್ನು ಪಕ್ಕಕ್ಕಿಟ್ಟು ಮೊದಲು ಅವಳ ಕೈಕಾಲು ಒತ್ತಿ ನೋಡಿದರು. ಉಣುಗು ಕಚ್ಚಿದ ಜಾಗದಲ್ಲಿ ಕೆಂಪು ಮಚ್ಚೆ ಬಳೆಯ ಹಾಗೆ ಹರಡಿತ್ತಾ ಎಂದು ಕೇಳಿದರು. ಇಲ್ಲ. ಜ್ವರದಲ್ಲಿ ಮೈಮೇಲೆ ಗಂಧೆ ಎದ್ದಿತ್ತಾ? ಹೌದು. ಬೀದಿಯಲ್ಲಿ ಬೇರೆಯವರಿಗೂ ಹೀಗೇ ಕೀಲುನೋವಾ?

“ಹೂಂ ಮೇಡಂ. ಎದುರುಮನೆ ಗಿಡ್ಡಯ್ಯ ಇನ್ನೂ ಕೋಲು ಹಿಡ್ಕಂಡೇ ಓಡಾಡ್ತಾರೆ.”

ಆಮೇಲೆ ಡಾಕ್ಟರ್ ವರದಿ ಎತ್ತಿಕೊಂಡರು. “ನೋಡಿ, ಇದು ಮೊದಲ ಹಂತದ ಪರೀಕ್ಷೆ. ಜರಡಿ ಹಿಡಿಯೋಕೆ ಮಾತ್ರ ಇರೋದು. ಬೇರೆ ಸೋಂಕು ಬಂದು ಹೋಗಿದ್ರೂ ಕೆಲವು ಸಲ ಪಾಸಿಟಿವ್ ಅನ್ನುತ್ತೆ. ನಮ್ಮ ಕಡೆ ಈ ಕಾಯಿಲೆ ಬಹಳ ಅಪರೂಪ. ಅಂಥ ಕಾಯಿಲೆಗೆ ಸಿಕ್ಕವರಿಗೆಲ್ಲ ಪರೀಕ್ಷೆ ಮಾಡ್ತಾ ಹೋದ್ರೆ ನಿಜವಾದ ಪಾಸಿಟಿವ್‌ಗಿಂತ ಸುಳ್ಳು ಪಾಸಿಟಿವ್‌ಗಳೇ ಜಾಸ್ತಿ ಬರ್ತವೆ. ಎರಡನೇ ಪರೀಕ್ಷೆ ಮಾಡ್ದೆ ಚಿಕಿತ್ಸೆ ಶುರು ಮಾಡಬಾರದು.”

ಭಾನುಪ್ರಿಯಾ ತಟ್ಟನೆ ತಲೆ ಎತ್ತಿದಳು. “ಲಸಿಕೆ ಹಾಕಿಸಿದ ಕಡಸಿಗೆ ಗಬ್ಬ ಬೀಳಿಸೋ ಕಂದು ರೋಗ ಐತೆ ಅಂತ ಬಂದಂಗಾ ಮೇಡಂ? ಊರಲ್ಲಿ ಹಂಗೇ ಆಗಿತ್ತು. ಅದನ್ನ ಸಾಕಿದವ್ರು ಮಾರಿಬಿಡ್ತೀನಿ ಅಂತ ಕೂತಿದ್ರು. ಇನ್ನೊಂದು ಪರೀಕ್ಷೆ ಆಗೋಗಂಟ ತಡೀರಿ ಅಂತ ನಾನೇ ಹೇಳಿದ್ದೆ.”

“ಬಂತಾ ಎರಡನೇದು?”

“ಏನೂ ಇಲ್ಲ ಅಂತ ಬಂತು. ಈಗ ಎರಡು ಕರ ಹಾಕೈತೆ.”

ಡಾಕ್ಟರ್ ಜೋರಾಗಿ ನಕ್ಕರು. “ಮತ್ತೆ ನಿಮಗೆ ನೀವೇ ಯಾಕೆ ಹೇಳ್ಕೊಳ್ಳಲಿಲ್ಲ?”

ರಕ್ತ ತೆಗೆದು ಬೆಂಗಳೂರಿನ ದೊಡ್ಡ ಲ್ಯಾಬಿಗೆ ಕಳಿಸಿದರು. ಜೊತೆಗೆ ಚಿಕುನ್‌ಗುನ್ಯಾ ಪರೀಕ್ಷೆಯನ್ನೂ ಬರೆದರು. ಒಂಬತ್ತು ದಿನ ಕಾಯಬೇಕಾಯಿತು. ಆ ದಿನಗಳಲ್ಲಿ ಭಾನುಪ್ರಿಯಾ ಮೊಬೈಲ್ ಹುಡುಕಾಟ ನಿಲ್ಲಿಸಿದಳು. ನಿದ್ದೆ ಮಾತ್ರ ಅರ್ಧಂಬರ್ಧವೇ. ಇಂಜೆಕ್ಷನ್ ಯಾವಾಗ ಶುರು ಮಾಡೋಣ ಎಂದು ಬೇಲೂರಿನ ಕ್ಲಿನಿಕ್ಕಿನಿಂದ ಎರಡು ಸಲ ಫೋನ್ ಬಂತು. ಎರಡು ಸಲವೂ ತಿಮ್ಮೇಶನೇ ಎತ್ತಿ, “ಈಗ ಬೇಡ ಸಾರ್,” ಎಂದ.

ಹತ್ತನೇ ದಿನ ಮತ್ತೆ ಅರಸೀಕೆರೆಗೆ ಹೋದರು. ಡಾಕ್ಟರ್ ಕಂಪ್ಯೂಟರಿನಿಂದ ಮುಖ ತಿರುಗಿಸುವ ಮೊದಲೇ ಹೇಳಿದರು: “ಲೈಮ್ ಅಲ್ಲ. ಎರಡನೇ ಪರೀಕ್ಷೆ ಪೂರ್ತಿ ನೆಗೆಟಿವ್. ಚಿಕುನ್‌ಗುನ್ಯಾ ಪಾಸಿಟಿವ್.”

ಡಾಕ್ಟರ್ ಕೊಟ್ಟ ಹೊಸ ವರದಿಯನ್ನು ಭಾನುಪ್ರಿಯಾ ತಿರುಗಿಸಿ ನೋಡಿದಳು. “ಮೇಡಂ, ತಪ್ಪು ತಿಳ್ಕಬೇಡಿ. ಆ ಕಾಗದ ಸುಳ್ಳು ಹೇಳ್ತು. ಈ ಕಾಗದ ನಿಜ ಅನ್ನೋದು ಹೆಂಗೆ?” ಎಂದಳು.

“ಸುಮ್ನಿರು ಭಾನು,” ಎಂದ ತಿಮ್ಮೇಶ್ ಸಂಕೋಚದಿಂದ.

“ಕೇಳ್ಲಿ ಬಿಡಿ, ಕೇಳಲೇಬೇಕಾದ ಮಾತು,” ಎಂದರು ಡಾಕ್ಟರ್. “ನೂರಕ್ಕೆ ನೂರು ಸರಿಯಿರೋ ಪರೀಕ್ಷೆ ಯಾವುದೂ ಇಲ್ಲ. ಲೈಮ್ ಪರೀಕ್ಷೆನೇ ತಗೊಳ್ಳಿ, ಉಣುಗು ಕಚ್ಚಿದ ಒಂದೆರಡು ವಾರಕ್ಕೇ ಮಾಡಿದ್ರೆ ಕಾಯಿಲೆ ಇದ್ರೂ ಇಲ್ಲ ಅನ್ನಬಹುದು. ಆದ್ರೆ ನಿಮಗೆ ಕಚ್ಚಿ ತಿಂಗಳುಗಳೇ ಕಳೆದಿವೆ. ಇದ್ದಿದ್ರೆ ಇಷ್ಟು ಹೊತ್ತಿಗೆ ಎರಡನೇ ಪರೀಕ್ಷೆಯಲ್ಲಿ ಕಾಣಬೇಕಿತ್ತು. ನಾನು ಕಾಗದ ಒಂದನ್ನೇ ನೋಡಿ ಹೇಳ್ತಿಲ್ಲ. ನಿಮ್ಮ ಜ್ವರ, ಗಂಧೆ, ಗಿಡ್ಡಯ್ಯನ ಕೋಲು, ಎಲ್ಲಾ ಒಂದೇ ಕಡೆ ಬೆರಳು ತೋರಿಸ್ತಿವೆ. ನೋವು ಇನ್ನೂ ಒಂದೆರಡು ತಿಂಗಳು ಇರಬಹುದು. ಆಮೇಲೆ ಇಳಿಯುತ್ತೆ. ಇಂಜೆಕ್ಷನ್ ಬೇಡವೇ ಬೇಡ.”

ಹೊರಗೆ ಬಂದು ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ಕೂತವಳೇ ಭಾನುಪ್ರಿಯಾ ಅತ್ತಳು. ತಿಮ್ಮೇಶ್ ಗಾಬರಿಯಾಗಿ, “ಏನಾಯ್ತೇ? ಏನೂ ಇಲ್ಲ ಅಂದ್ರಲ್ಲ!” ಎಂದ.

“ಅದಕ್ಕೇ ಕಣ್ರೀ ಅಳ್ತಿರೋದು,” ಎಂದಳು, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ. ಆಮೇಲೆ, “ಹೊಟ್ಟೆ ಹಸೀತೈತೆ,” ಎಂದಳು. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಎರಡು ಮಸಾಲೆ ದೋಸೆ ತಿಂದು, ತಿಮ್ಮೇಶನ ತಟ್ಟೆಯಲ್ಲಿ ಉಳಿದಿದ್ದ ಪಲ್ಯವನ್ನೂ ಬಳಿದುಕೊಂಡಳು. ಅಲ್ಲಿಂದಲೇ ಮಗಳಿಗೆ ಫೋನ್ ಮಾಡಿ, “ಇವತ್ತು ನನ್ ಪಕ್ಕದಲ್ಲೇ ಮಲಗಮ್ಮ,” ಎಂದಳು.

ನೋವು ಒಂದೇ ದಿನಕ್ಕೆ ಹೋಗಲಿಲ್ಲ. ಚಳಿಯ ಬೆಳಗುಗಳಲ್ಲಿ ಬಿಸಿನೀರಿನ ಪಾತ್ರೆಯಲ್ಲಿ ಕೈ ಅದ್ದಿಕೊಂಡು ಕೂರುತ್ತಿದ್ದಳು. ಆದರೆ ಅದೀಗ ಹೆಸರು ತಿಳಿದ, ಮುಗಿಯುವ ನೋವು. ಸಂಕ್ರಾಂತಿ ಹೊತ್ತಿಗೆ ಮುದ್ದೆ ತೊಳಸುವಷ್ಟು ಬಲ ಮಣಿಕಟ್ಟಿಗೆ ಬಂತು. ಶಿವರಾತ್ರಿಗೆ ಮುಂಚೆ ಕುರಿಗಳ ಲಸಿಕೆ ಶಿಬಿರ ನಡೆದಾಗ ಪೂರಾ ತೋಳಿನ ಅಂಗಿ, ಕೈಗವಸು ತೊಟ್ಟು ಮಂದೆಯ ನಡುವೆ ನಿಂತು, “ಆ ಕರಿ ಟಗರು ಹಿಡ್ಕಳ್ರೋ, ತಪ್ಪಿಸ್ಕಂತೈತೆ!” ಎಂದು ಕೂಗುತ್ತಿದ್ದಳು.