ದೂರಕ್ಕೆ ಕೇಳಿಸುವ ಶಾಲೆ

ನವಲಗುಂದ ತಾಲೂಕಿನ ನನ್ನ ಗಂಡನ ಊರಿನಲ್ಲಿ ಶಾಲೆ ಹೇಗೆ ನಡೆದಿದೆ ಎಂದು ಯಾರೂ ಹೋಗಿ ನೋಡುವುದಿಲ್ಲ, ಕೇಳಿಸಿಕೊಳ್ಳುತ್ತಾರೆ. ಹತ್ತಿ ಹೊಲದಲ್ಲಿ ಕಳೆ ತೆಗೆಯುವವರ ತನಕ ಮಕ್ಕಳ ಮಗ್ಗಿ ಮುಟ್ಟಿದರೆ ಶಾಲೆ ಚೆನ್ನಾಗಿ ನಡೆದಿದೆ ಎಂದೇ ಲೆಕ್ಕ. ಒಂದು ದಿನ ಸದ್ದು ಕಡಿಮೆಯಾದರೆ ಸಂಜೆ ಕಟ್ಟೆಗೆ ಕೂತ ಹಿರಿಯರು ಇವತ್ತು ಅಕ್ಕೋರು ಬಂದಿರಲಿಲ್ಲವೇನು ಎಂದು ವಿಚಾರಿಸುತ್ತಾರೆ. ಸೊಸೆಯಾಗಿ ಬಂದ ನನಗೂ ಅದೇ ಅಳತೆ ರೂಢಿಯಾಗಿಬಿಟ್ಟಿತ್ತು. ಊರಿನ ಹೆಸರು ಮಾತ್ರ ಹೇಳುವುದಿಲ್ಲ, ಹೇಳಿದರೆ ನಮ್ಮ ಅತ್ತೆ ಮುಂದಿನ ಹಬ್ಬಕ್ಕೆ ನನ್ನನ್ನು ಹೊಸ್ತಿಲು ದಾಟಿಸಿಕೊಳ್ಳಲಿಕ್ಕಿಲ್ಲ.

ಆ ಸರಕಾರಿ ಶಾಲೆ ನೋಡುವುದಕ್ಕೂ ಚಂದ. ಗೋಡೆಗೆಲ್ಲ ರೈಲಿನ ಬಣ್ಣ ಬಳಿದು, ಕೋಣೆಯ ಬಾಗಿಲುಗಳನ್ನು ಡಬ್ಬಿಯ ಬಾಗಿಲು ಮಾಡಿದ್ದಾರೆ. ದೊಡ್ಡ ಟಿವಿ ಇದೆ, ಸುತ್ತ ಕಾಂಪೌಂಡ್ ಇದೆ. ಇಲ್ಲದ್ದು ಎಂದರೆ ಶಿಕ್ಷಕರು. ಐದು ತರಗತಿಗೆ ಇಬ್ಬರು. ಹೆಡ್ ಮಾಸ್ತರು ಸಾಮಾನ್ಯವಾಗಿ ಮೀಟಿಂಗಿನಲ್ಲಿ ಇಲ್ಲವೇ ಬಿಸಿಯೂಟದ ಮೊಟ್ಟೆಯ ಗಡಿಬಿಡಿಯಲ್ಲಿ ಇರುತ್ತಿದ್ದರು. ಉಳಿದ ಶಿಕ್ಷಕಿ ಅಕ್ಕೋರು ಒಬ್ಬರೇ. ಅವರು ಒಂದು ಉಪಾಯ ಮಾಡಿಕೊಂಡಿದ್ದರು. ಒಂದೆರಡು ಸಲ ತಾವೇ ಪಾಠ ಓದಿ ಹೇಳಿ, ಆಮೇಲೆ ಗಟ್ಟಿ ದನಿಯ ಒಂದು ಮಗುವನ್ನು ಪುಸ್ತಕ ಕೊಟ್ಟು ಮುಂದೆ ನಿಲ್ಲಿಸುವುದು. ಅದು ಒಂದೊಂದೇ ಸಾಲು ಹೇಳಬೇಕು, ಉಳಿದವರು ಹಿಂದೆ ಹೇಳಬೇಕು. ಅಷ್ಟರಲ್ಲಿ ಅಕ್ಕೋರು ಬಾಜೂ ಕೋಣೆಯ ಮಕ್ಕಳನ್ನು ನೋಡಿಕೊಂಡು ಬರುತ್ತಿದ್ದರು. ಹೀಗೆ ಮುಂದೆ ಹೇಳುವ ಮಗುವಿಗೆ ಊರಿನಲ್ಲಿ ಭಾರೀ ಮರ್ಯಾದೆ. ಎರಡನೆಯ ತರಗತಿಯಿಂದ ಆ ಮಗು ನನ್ನ ಮಗಳೇ.

ನನ್ನ ಜಂಬವನ್ನು ಏನು ಹೇಳಲಿ! ಸಂಜೆ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರೆ ಅವಳು ಹಿಂದೆ ಕೂತು ಪಾಠ ಓದುತ್ತಿದ್ದಳು. ಎಮ್ಮೆಯ ಪಾಠವೊಂದಿತ್ತು, ಅದನ್ನು ಅವಳು ಓದಿದರೆ ನಮ್ಮ ಹಿತ್ತಲಿನ ಎಮ್ಮೆಯೂ ಕಿವಿ ನಿಮಿರಿಸಬೇಕು, ಹಾಗೆ ಓದುತ್ತಿದ್ದಳು. ಎಲ್ಲಿಯೂ ತಡವರಿಸುತ್ತಿರಲಿಲ್ಲ. ಬಂದ ಬೀಗರ ಮುಂದೆಲ್ಲ ನಮ್ಮ ಅತ್ತೆ ಅವಳಿಂದ ಓದಿಸುವುದು, ಅವರು ಹೋದ ಕೂಡಲೇ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುವುದು. ನಾನು ಪಿಯುಸಿಯ ತನಕ ಓದಿದವಳು, ಮಗಳು ನನ್ನನ್ನು ದಾಟಿ ಹೋಗುತ್ತಾಳೆಂದು ಆಗಲೇ ನಿಶ್ಚಯ ಮಾಡಿಕೊಂಡಿದ್ದೆ.

ನಮ್ಮ ಯಜಮಾನರು ಕರೆಂಟಿನ ಲೈನ್‌ಮನ್. ಮಗಳು ಮೂರನೆಯದನ್ನು ಮುಗಿಸಿದ ಬೇಸಿಗೆಯಲ್ಲಿ ಅವರಿಗೆ ಕಲಘಟಗಿ ಕಡೆಗೆ ವರ್ಗವಾಯಿತು. ತಂಬೂರಿನಿಂದ ಇನ್ನೂ ಒಳಗಿನ ಒಂದು ಊರಿನಲ್ಲಿ ಬಾಡಿಗೆ ಮನೆ ಹಿಡಿದೆವು. ಎರೆಮಣ್ಣಿನ ಬಯಲಿನಲ್ಲಿದ್ದ ನನಗೆ ಅಲ್ಲಿಯ ಭತ್ತದ ಗದ್ದೆ, ಗಿಡಮರ ಎಲ್ಲ ಬೇರೆ ಜಿಲ್ಲೆಗೇ ಬಂದಂತೆ ಕಂಡವು. ಜೂನಿನಲ್ಲಿ ಶಾಲೆ ಶುರುವಾದಾಗ ಮಗಳನ್ನು ಸೇರಿಸಲು ಹೋದೆವು. ಹಳೆಯ ಹಂಚಿನ ಕಟ್ಟಡ, ಮಂಗಗಳು ಸರಿಸಿದ ಹಂಚಿನ ಸಂದಿಯಿಂದ ಬಿಸಿಲು ಒಳಗೆ ಬೀಳುತ್ತಿತ್ತು. ಬಣ್ಣವಿಲ್ಲ, ಟಿವಿಯಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಸದ್ದೇ ಇಲ್ಲ. ಒಳಗೆ ಇಣುಕಿದರೆ ಒಂದೊಂದು ಮಗು ಒಂದೊಂದು ಮೂಲೆಯಲ್ಲಿ ಪುಸ್ತಕ ಹಿಡಿದು ಬಾಯೊಳಗೇ ಗೊಣಗುತ್ತ ಕೂತಿದೆ. ಇದೆಂಥ ಶಾಲೆ, ಇಲ್ಲಿ ನನ್ನ ಮಗಳು ಹಾಳಾಗಿ ಹೋಗುತ್ತಾಳೆ ಎಂದು ಯಜಮಾನರಿಗೆ ಅಲ್ಲಿಯೇ ಹೇಳಿದೆ. ಅವರು ಎಂದಿನಂತೆ ಹೂಂ ಎಂದರು.

ಅಲ್ಲಿಯ ಗುರುಗಳು ಸದಾ ಮುಖ ಗಂಟಿಕ್ಕಿಕೊಂಡಿರುವ ಮನುಷ್ಯ. ಕೂಡ್ರಿ ಎಂದೂ ಅನ್ನಲಿಲ್ಲ. ಮಗಳ ಕೈಗೆ ಮೂರನೆಯ ತರಗತಿಯ ಪುಸ್ತಕ ಕೊಟ್ಟು, ಬೇಕಾದದ್ದು ಓದು ಎಂದರು. ನಾನು ಬೇಕೆಂದೇ ಎಮ್ಮೆಯ ಪಾಠ ತೆಗೆಸಿದೆ. ಅವಳು ಎದೆಯುಬ್ಬಿಸಿ ನಿಂತು ಶುರು ಮಾಡಿದಳು. ಮೂಲೆಯಲ್ಲಿದ್ದ ಮಕ್ಕಳೆಲ್ಲ ಬೆರಗಾಗಿ ನೋಡಿದವು. ನಾನು ಗುರುಗಳ ಮುಖ ನೋಡಿದೆ. ಅವರು ನೋಡುತ್ತಿದ್ದದ್ದು ಅವಳ ಬೆರಳನ್ನು. ಆಗ ನಾನೂ ನೋಡಿದೆ. ಬೆರಳು ಸಾಲಿನ ತುದಿ ಮುಟ್ಟಿತ್ತು, ಬಾಯಿ ಇನ್ನೂ ಅರ್ಧದಲ್ಲಿತ್ತು. ‘ಎಮ್ಮೆ ಕೆರೆಗೆ ಇಳಿಯಿತು, ಆಮ್ಯಾಲೆ ಹೊರಗೆ ಬರಲಿಲ್ಲ’ ಎಂದು ಅವಳು ಹೇಳಿದಳು. ಪುಸ್ತಕದಲ್ಲಿ ‘ಆಮ್ಯಾಲೆ’ ಎಂಬುದೇ ಇರಲಿಲ್ಲ.

ಗುರುಗಳು ಪುಟದ ನಡುವೆ ಒಂದು ಪದ ತೋರಿಸಿ ಇದೇನು ಎಂದು ಕೇಳಿದರು. ಅವಳು ಪಾಠವನ್ನು ಮತ್ತೆ ಮೊದಲಿನಿಂದ ಹೇಳತೊಡಗಿದಳು. ಅವರು ಅವಳನ್ನು ನಿಲ್ಲಿಸಿ, ಸ್ಲೇಟಿನ ಮೇಲೆ ‘ಮಳೆ’ ಎಂದು ಬರೆದು ಮುಂದೆ ಹಿಡಿದರು. ಮಗಳು ಅದನ್ನು ನೋಡಿದಳು. ಹೆದರಲಿಲ್ಲ, ನಾಚಲಿಲ್ಲ. ಬಹಳ ಮರ್ಯಾದೆಯಿಂದ ಕೇಳಿದಳು.

“ಇದು ಯಾ ಪಾಠದಾಗ ಐತ್ರಿ?”

ನನ್ನ ಬಾಯಿ ಸುಮ್ಮನಿರುವಂಥದ್ದಲ್ಲ. ಹೊಸ ಜಾಗ, ಹುಡುಗಿ ಗಾಬರಿಯಾಗಿದ್ದಾಳೆ, ನಮ್ಮ ಊರಿನಲ್ಲಿ ಇಡೀ ತರಗತಿಗೆ ಇವಳೇ ಹೇಳಿಕೊಡುತ್ತಿದ್ದಳು, ನಿಮ್ಮ ಶಾಲೆಗಿಂತ ಅದು ಎಷ್ಟೋ ಮೇಲು ಎಂದೆಲ್ಲ ಅಂದೆ. ಗುರುಗಳು ನಾನು ಮುಗಿಸುವ ತನಕ ಕಾದರು.

“ತಾಯೀ, ಆಕೀಗೆ ಪಾಠ ಬರ್ತಾವು. ಅಕ್ಷರ ಬರಂಗಿಲ್ಲ.”

ಹೆಸರಿಗೆ ನಾಲ್ಕನೆಯ ತರಗತಿ, ಆದರೆ ಬೆಳಗಿನ ಹೊತ್ತು ಒಂದನೆಯ ತರಗತಿಯ ಮಕ್ಕಳೊಂದಿಗೆ ಕೂಡ್ರಬೇಕು ಎಂದರು. ಈ ವರ್ಷ ಓದು ಕುದುರದಿದ್ದರೆ ಮುಂದೆ ಯಾವ ತರಗತಿಯಲ್ಲಿಯೂ ಯಾರೂ ಅಕ್ಷರ ಕಲಿಸುವುದಿಲ್ಲ, ಅವಳು ಹೀಗೆಯೇ ದೊಡ್ಡವಳಾಗುತ್ತಾಳೆ ಎಂದೂ ಹೇಳಿದರು. ಮನೆಯ ದಾರಿಯಲ್ಲಿ ಮಗಳು ಕುಣಿಯುತ್ತ ನಡೆದಿದ್ದಳು. ನಿನಗೆ ಓದಲು ಬರುವುದಿಲ್ಲವೇನೇ ಎಂದು ಕೇಳಿದರೆ, ಈಗ ಓದಿದೆನಲ್ಲ ಎಂದಳು. ನಾನು ದಿಟ್ಟಿಸಿ ನೋಡಿದ್ದಕ್ಕೆ ಅವಳ ನಡಿಗೆ ನಿಧಾನವಾಯಿತು.

“ಓದೂದಂದ್ರ ಹಂಗ ಅಲ್ಲೇನವ್ವಾ?”

ಮನೆಗೆ ಬಂದವಳೇ ಕೈಗೆ ಸಿಕ್ಕದ್ದನ್ನೆಲ್ಲ ಅವಳ ಮುಂದೆ ಹಿಡಿದೆ. ಒಂದು ಪೊಟ್ಟಣ ತೋರಿಸಿದಾಗ ‘ಚಹಾಪುಡಿ’ ಎಂದು ಥಟ್ಟನೆ ಓದಿದಳು. ಹೋದ ಜೀವ ಬಂದಂತಾಗಿ ಅವಳನ್ನು ಅಪ್ಪಿಕೊಂಡೆ. ಆಮೇಲೆ ಪೊಟ್ಟಣ ತಿರುಗಿಸಿ ನೋಡಿದೆ. ಅದರ ಮೇಲೆ ಕಂಪನಿಯ ಹೆಸರಿತ್ತು, ಚಹಾಪುಡಿ ಎಂಬ ಪದ ಎಲ್ಲಿಯೂ ಇರಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ ಇದ್ದು ಇದು ನನಗೆ ಗೊತ್ತಾಗದೆ ಹೇಗೆ ಉಳಿಯಿತು?

ಹಳೆಯ ಶಾಲೆಯಿಂದ ಟಿಸಿ ತರುವುದಿತ್ತು. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ನವಲಗುಂದದ ದಾರಿ ಹಿಡಿದಾಗ ಅಕ್ಕೋರಿಗೆ ಏನೇನು ಅನ್ನಬೇಕೆಂದು ಸಾಲುಸಾಲಾಗಿ ಜೋಡಿಸಿಕೊಂಡೆ. ಸ್ಟಾಪಿನಲ್ಲಿ ಇಳಿದಾಗಲೇ ಶಾಲೆ ಕೇಳಿಸಿತು. ಎಮ್ಮೆಯ ಪಾಠ. ಮೂರನೆಯ, ನಾಲ್ಕನೆಯ ತರಗತಿ ಒಂದೇ ಕೋಣೆಯಲ್ಲಿ ಕೂಡ್ರುತ್ತವೆ. ಮಗಳ ಜಾಗದಲ್ಲಿ ಈಗ ಅವಳ ಗೆಳತಿ ಪುಸ್ತಕ ಹಿಡಿದು ನಿಂತಿದ್ದಳು. ನಾನು ಕಿಟಕಿಯ ಹತ್ತಿರ ಬರುವಷ್ಟರಲ್ಲಿ ಅವಳು ‘ಆಮ್ಯಾಲೆ ಹೊರಗೆ ಬರಲಿಲ್ಲ’ ಎಂದಳು. ಇಡೀ ಕೋಣೆ ‘ಆಮ್ಯಾಲೆ ಹೊರಗೆ ಬರಲಿಲ್ಲ’ ಎಂದು ಕೂಗಿತು. ನನ್ನ ಮಗಳ ಬಾಯಿಂದ ಬಂದ ಮಾತು ಅದು. ಮಕ್ಕಳ ಮುಂದೆಲ್ಲ ಪುಸ್ತಕ ತೆರೆದಿತ್ತು, ಬೆರಳುಗಳು ಸಾಲಿನ ಮೇಲೆ ಓಡುತ್ತಿದ್ದವು. ಒಬ್ಬರಿಗೂ ಆ ಪದ ಅಲ್ಲಿಲ್ಲ ಎಂದು ಕಾಣುತ್ತಿರಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡೇ ನಿಂತೆ.

ಅಕ್ಕೋರು ಬಾಜೂ ಕೋಣೆಯಿಂದ ಬಂದರು. ಸೀರೆಯ ಸೆರಗಿಗೆಲ್ಲ ಸೀಮೆಸುಣ್ಣದ ಪುಡಿ, ಮುಖದ ಮೇಲೆ ಬೆವರು. ನನ್ನನ್ನು ನೋಡಿ ನಿಜವಾಗಿಯೂ ಸಂತೋಷಪಟ್ಟರು. ಕುರ್ಚಿ ಕೊಟ್ಟರು, ನೀರು ತರಿಸಿದರು. ಮಗಳು ಹೋದ ಮೇಲೆ ಕ್ಲಾಸು ಹಿಡಿತಕ್ಕೇ ಸಿಗುತ್ತಿಲ್ಲ, ಈ ಹುಡುಗಿಯ ದನಿ ಹಿಂದಿನ ಸಾಲಿಗೆ ಮುಟ್ಟುವುದಿಲ್ಲ, ಅಜ್ಜಿಯ ಮನೆಯಲ್ಲಿ ಬಿಟ್ಟು ಅವಳನ್ನು ಇಲ್ಲಿಯೇ ಓದಿಸಲಿಕ್ಕೆ ಆಗುವುದಿಲ್ಲವೇ ಎಂದು ಕೇಳಿದರು. ಬಸ್ಸಿನಲ್ಲಿ ಜೋಡಿಸಿಕೊಂಡದ್ದೆಲ್ಲ ಎಲ್ಲಿ ಹೋಯಿತೋ, ಒಂದೇ ಮಾತು ಬಂತು.

“ಅಕ್ಕೋರ, ನನ್ನ ಮಗಳಿಗೆ ಓದಾಕ ಬರಂಗಿಲ್ರಿ.”

ಅವರು ಬೆಚ್ಚಿಬೀಳುತ್ತಾರೆ, ಇಲ್ಲವೇ ನನ್ನ ಮೇಲೆ ಹರಿಹಾಯುತ್ತಾರೆ ಎಂದು ಕಾದೆ. ಅವರು ಹೆಡ್ ಮಾಸ್ತರು ಸಹಿ ಮಾಡಿಟ್ಟಿದ್ದ ಟಿಸಿಯ ಮೇಲೆ ಶಾಲೆಯ ಸಿಕ್ಕಾ ಒತ್ತಿ ನನ್ನ ಕಡೆಗೆ ಸರಿಸಿದರು.

“ಗೊತ್ತೈತ್ರಿ,” ಅಂದರು. “ಇಲ್ಲಿ ಯಾರಿಗೂ ಬರಂಗಿಲ್ಲ. ಆದ್ರ ಆಕಿ ದನಿ ಎಲ್ಲಾರಕಿಂತ ಛಲೋ ಇತ್ತು.”