ಕೋಶದ ಎಡ ಬಲ

ಧಾರವಾಡದಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಗ ನಾನು ನವನಗರದ ಒಂದು ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗಿದ್ದೆ. ಕೆಳಗೆ ಮನೆ ಮಾಲೀಕರಾದ ಕಾಕಾ, ಅವರ ಹೆಂಡತಿ ಕಾಕು. ಕಾಕಾ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಮಾಡಿ ನಿವೃತ್ತರಾದವರು. "ನಂದೂ ಎಕ್ಸ್‌ರೇ, ನಿಂದೂ ಎಕ್ಸ್‌ರೇ" ಎಂದು ನಗುತ್ತಿದ್ದರು. ಅವರು ನೋಡಿದ್ದು ಎಲುಬು, ನಾನು ನೋಡಬೇಕಿದ್ದದ್ದು ಜೀವಕೋಶ.

ಗುಂಡಿಗಿಂತ ಚಿಕ್ಕ ಲೋಹದ ಜಾಳಿಗೆಯ ಮೇಲೆ ಕೋಶಗಳನ್ನು ಬೆಳೆಸಿ, ಅವುಗಳ ಒಂದು ಭಾಗಕ್ಕಷ್ಟೇ ಹತ್ತುವ ಹೊಳೆಯುವ ಬಣ್ಣ ಹಾಕಿ, ನಮ್ಮ ಲ್ಯಾಬಿನ ಫ್ಲೋರೆಸೆನ್ಸ್ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆದಿದ್ದೆ. ಅದರಲ್ಲಿ ಹಸಿರು ಚುಕ್ಕೆ ಬಿಟ್ಟರೆ ಉಳಿದದ್ದೆಲ್ಲ ಕಪ್ಪು. ಆಮೇಲೆ ಅದೇ ಜಾಳಿಗೆಯನ್ನು ಬೇರೆ ರಾಜ್ಯದ ದೊಡ್ಡ ಯಂತ್ರಕ್ಕೆ ಒಯ್ದು ಎಕ್ಸ್‌ರೇ ಚಿತ್ರ ತೆಗೆಸಿದೆ. ಅದರಲ್ಲಿ ಕೋಶದ ಒಳಗಿನದೆಲ್ಲ ಕಾಣುತ್ತಿತ್ತು, ಆದರೆ ಯಾವುದು ಏನೆಂದು ತಿಳಿಯುತ್ತಿರಲಿಲ್ಲ. ಎರಡನ್ನೂ ಒಂದರ ಮೇಲೊಂದು ಕೂಡಿಸಿದರೇನೇ ಅರ್ಥ.

ಕೂಡಲಿಲ್ಲ. ಮೂರು ವಾರ ಕಂಪ್ಯೂಟರಿನಲ್ಲಿ ತಿರುಗಿಸಿ, ಹಿಗ್ಗಿಸಿ, ಕುಗ್ಗಿಸಿ ನೋಡಿದೆ. "ಸ್ಯಾಂಪಲ್ ಕೆಟ್ಟಿರಬೇಕು, ಮತ್ತೊಮ್ಮೆ ಮಾಡ್ರಿ" ಎಂದರು ಮಾರ್ಗದರ್ಶಕರು. ಆ ಯಂತ್ರದಲ್ಲಿ ಮತ್ತೆ ಪಾಳಿ ಸಿಗಲು ವರ್ಷ ಕಾಯಬೇಕಿತ್ತು.

ಒಂದು ರವಿವಾರ ಬೆಳಿಗ್ಗೆ ಕಟ್ಟೆಯ ಮೇಲೆ ಎರಡೂ ಚಿತ್ರದ ಪ್ರಿಂಟ್ ಹರವಿಕೊಂಡು ಕೂತಿದ್ದೆ. ಕಾಕಾ ಚಹಾ ತಂದರು.

"ಯಾಕ ತಂಗಿ, ಮಾರಿ ಸಣ್ಣ ಮಾಡೀದಿ?"

ಹೇಳಿದೆ. ಅವರು ಬಗ್ಗಿ ನೋಡಿದರು.

"ಎಡ ಯಾವುದು, ಬಲ ಯಾವುದು, ಗುರ್ತು ಹಾಕೀಯೇನು?"

"ಇಲ್ರಿ ಕಾಕಾ."

"ನಾ ನೌಕರಿಗೆ ಹೊಸದಾಗಿ ಸೇರಿದಾಗ ಒಬ್ಬರ ಎಡಗೈ ಫಿಲ್ಮ್ ಉಲ್ಟಾ ಕೊಟ್ಟಿದ್ದೆ. ಡಾಕ್ಟರು ಹಿಡದ್ರು, ಪುಣ್ಯ! ಅವತ್ತಿನಿಂದ ಎಡ-ಬಲ ತೋರ್ಸೋ ಸೀಸದ ಅಕ್ಷರ ಇಡದ ಒಂದ ಫಿಲ್ಮೂ ತಗದಿಲ್ಲ."

ಎಕ್ಸ್‌ರೇ ಚಿತ್ರವನ್ನು ಎತ್ತಿ, ಮಗುಚಿ, ಬಿಸಿಲಿಗೆ ಹಿಡಿದು ಹಿಂದಿನಿಂದ ತೋರಿಸಿದರು. "ಆ ಹಸರು ಚಿತ್ರದಾಗ ಈ ಮೂರು ಗುಂಡು ಎಡಕ್ಕ ಬಾಗ್ಯಾವ. ಇದರಾಗ ಬಲಕ್ಕಿದ್ವು. ಈಗ ನೋಡು."

ಮೇಲಕ್ಕೆ ಓಡಿದೆ. ಕಂಪ್ಯೂಟರಿನಲ್ಲಿ ಚಿತ್ರ ಮಗುಚಿದೆ. ಹಸಿರು ಚುಕ್ಕೆಗಳು ಕೋಶದೊಳಗಿನ ಕಪ್ಪು ಮಣಿಗಳ ಮೇಲೆ ಸರಿಯಾಗಿ ಹೋಗಿ ಕೂತವು. ಯಂತ್ರದಲ್ಲಿ ಜಾಳಿಗೆಯನ್ನು ಬೋರಲು ಇಟ್ಟವಳು ನಾನೇ! ನಾಚಿಕೆಯೂ ಆಯಿತು, ಕಣ್ಣೂ ತುಂಬಿತು. ಕೆಳಗೆ ಬಂದು ಕಾಲಿಗೆ ಬಿದ್ದೆ.

"ಏ, ಏಳು, ಚಹಾ ಆರಾಕತ್ತೇತಿ" ಎಂದರು.

ಎಲ್ಲ ಕೋಶಗಳೂ ಹೊಂದಲಿಲ್ಲ. ಕೆಲವು ಪ್ರಯಾಣದಲ್ಲೇ ಕಿತ್ತುಹೋಗಿದ್ದವು. ಹೊಂದಿದಷ್ಟರಲ್ಲೇ ಒಂದು ಅಧ್ಯಾಯ ಆಯಿತು.

ಮೌಖಿಕ ಪರೀಕ್ಷೆಗೆ ಕಾಕಾ, ಕಾಕು ಇಬ್ಬರೂ ಬಂದು ಕಡೆಯ ಸಾಲಿನಲ್ಲಿ ಕೂತಿದ್ದರು. ಚಿತ್ರ ಮಗುಚಿದ್ದು ಹೇಗೆ ಗೊತ್ತಾಯಿತೆಂದು ಪರೀಕ್ಷಕರು ಕೇಳಿದಾಗ ನಾನು ಕಾಕಾನ ಕಡೆ ಕೈ ತೋರಿಸಿದೆ. ಎಲ್ಲರೂ ಹೊರಳಿ ನೋಡಿದರು. ಕಾಕಾ ಎದ್ದು ಕೈಮುಗಿದು, ಲಗೂನ ಕೂತುಬಿಟ್ಟರು.

ಬರುವಾಗ ಬಸ್ಸಿನಲ್ಲಿ ನನ್ನ ಪ್ರಬಂಧವನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಚಿತ್ರವನ್ನು ಕಾಕುಗೆ ತಿಳಿಸಿ ಹೇಳುತ್ತಿದ್ದರು. ಅರ್ಧಕ್ಕರ್ಧ ತಪ್ಪು. ನಾನು ತಿದ್ದಲಿಲ್ಲ.